ಪರಸ್ಥಳದವರ ಹಸಿವು ಬಲ್ಲ ಅರ್ಲೆಟ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಫ್ರೆಂಚ್ ಮಾತಾಡುವ ನಾಮೂರ್ ಊರಿನ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ಬೀದಿದೀಪಗಳು ಆರಿಲ್ಲ. ನದಿಯ ಕಡೆಯಿಂದ ಎದ್ದ ಮಂಜು ಸಾಲುಗಟ್ಟಿದ ಟ್ಯಾಕ್ಸಿಗಳ ಮೇಲೆ ತೆಳ್ಳಗೆ ಕೂತಿದೆ. ಅಮೆರಿಕದ ಬರ್ಗರ್ ಅಂಗಡಿಯ ಗಾಜಿನ ಬಾಗಿಲ ಹೊರಗೆ ಆಗಲೇ ಏಳೆಂಟು ಜನ. ತಮಗಿಂತ ದೊಡ್ಡ ಚೀಲ ಬೆನ್ನಿಗೇರಿಸಿಕೊಂಡ ಇಬ್ಬರು ಹುಡುಗಿಯರು, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಅಪ್ಪ, ಲಕ್ಸೆಂಬರ್ಗ್ ರೈಲು ತಪ್ಪಿಸಿಕೊಂಡು ಮುಖ ಸಿಂಡರಿಸಿ ನಿಂತ ಇನ್ನೊಬ್ಬ. ಒಳಗೆ ಅರ್ಲೆಟ್ ಕೊಲ್ಸನ್ ಎಣ್ಣೆಯ ಕಾವು ನೋಡುತ್ತಾರೆ, ಕಾಫಿ ಯಂತ್ರದಲ್ಲಿ ಮೊದಲ ಬಿಸಿನೀರು ಹರಿಸಿ ಚೆಲ್ಲುತ್ತಾರೆ, ಏಪ್ರನ್ನಿನ ದಾರವನ್ನು ಬೆನ್ನಹಿಂದೆ ಬಿಗಿದುಕೊಂಡು ಬಾಗಿಲ ಬಳಿ ಬರುತ್ತಾರೆ. ಬೀಗಕ್ಕೆ ಕೈ ಹಾಕುವ ಮೊದಲು ಗಾಜಿನಾಚೆಯ ಒಂದೊಂದು ಮುಖವನ್ನೂ ಒಮ್ಮೆ ನೋಡುತ್ತಾರೆ.

“ಯಾರಿಗೆ ಹಸಿವು, ಯಾರಿಗೆ ಚಳಿ, ಯಾರಿಗೆ ಶೌಚಾಲಯ ಅರ್ಜೆಂಟು ಅನ್ನೋದು ಮುಖದಲ್ಲೇ ಬರೆದಿರತ್ತೆ. ಆರ್ಡರ್ ಆಮೇಲೆ ತಗೊಂಡ್ರಾಯ್ತು,” ಅನ್ನುತ್ತಾರೆ.

ಅರ್ಲೆಟ್‌ಗೆ ಈಗ ಅರವತ್ತೆರಡು. ಈ ಕೌಂಟರಿನ ಹಿಂದೆ ನಿಂತು ಇಪ್ಪತ್ತೇಳು ವರ್ಷವಾಯಿತು. ವಾರಕ್ಕೆ ಐದು ದಿನ ಬೆಳಗಿನ ಪಾಳಿ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಅವರ ಕೈಯಿಂದ ಎಂಬತ್ತು ಬುಟ್ಟಿ ಫ್ರೈಸ್ ಎಣ್ಣೆಗಿಳಿದು ಮೇಲೆದ್ದಿರುತ್ತವೆ, ಇನ್ನೂರು ಲೋಟ ಕಾಫಿ ಹೋಗಿರುತ್ತದೆ. ಕೌಂಟರಿನಿಂದ ಒಲೆಗೆ, ಒಲೆಯಿಂದ ಉಗ್ರಾಣಕ್ಕೆ ಓಡಾಡಿದ್ದೇ ಹನ್ನೊಂದು ಸಾವಿರ ಹೆಜ್ಜೆ. ಮೊಮ್ಮಗಳು ಕೈಗೆ ಕಟ್ಟಿಕೊಟ್ಟ ಗಡಿಯಾರ ಅದನ್ನು ಹೇಳುತ್ತದೆ. ಎಡ ಮುಂಗೈಯಲ್ಲಿ ಎಣ್ಣೆ ಸಿಡಿದ ಸಣ್ಣ ಸಣ್ಣ ಬಿಳಿ ಕಲೆಗಳು. ಬಲ ಮೊಣಕಾಲು ಮಳೆ ಬರುವ ಮುಂಚೆಯೇ ನೋಯುತ್ತದೆ. ‘ಬಿಸಿ ಇದೆ, ಜೋಪಾನ’, ‘ಶೌಚಾಲಯ ಮಹಡಿ ಮೇಲೆ’, ‘ಅವಸರ ಬೇಡ’ – ಈ ಮೂರು ಮಾತನ್ನು ಒಂಬತ್ತು ಭಾಷೆಗಳಲ್ಲಿ ಹೇಳಬಲ್ಲರು. ಮುರುಕು ಇಂಗ್ಲಿಷ್ ಬಿಟ್ಟರೆ ಅದಕ್ಕಿಂತ ಹೆಚ್ಚಿಗೆ ಯಾವ ಪರಭಾಷೆಯೂ ಬರುವುದಿಲ್ಲ.

ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಮುಕ್ಕಾಲು ಪಾಲು ಜನ ತಪ್ಪು ಮಾಡಿದವರ ಹಾಗೆ ಒಳಗೆ ಕಾಲಿಡುತ್ತಾರೆ. ಊರಿನ ಹಳೆಯ ಬೀದಿಗಳಲ್ಲಿ ಇಷ್ಟೊಂದು ಒಳ್ಳೆಯ ಊಟದ ಮನೆಗಳಿರುವಾಗ ಅಮೆರಿಕದವರ ಬರ್ಗರ್ ತಿನ್ನುವುದೇ ಎಂಬ ನಾಚಿಕೆ. ಮೊನ್ನೆ ಡಚ್ ಹೆಂಗಸೊಬ್ಬರು ತಟ್ಟೆ ಎತ್ತಿಕೊಳ್ಳುತ್ತಾ, “ನಾವು ಸಾಮಾನ್ಯವಾಗಿ ಇಂಥ ಕಡೆ ತಿನ್ನೋದಿಲ್ಲ,” ಎಂದು ಕೇಳದೆಯೇ ಸಮಜಾಯಿಷಿ ಕೊಟ್ಟರು.

“ಎಲ್ಲರೂ ಅದನ್ನೇ ಹೇಳ್ತಾರೆ ಮೇಡಂ. ಯಾವತ್ತೂ ತಿನ್ನದವರಿಂದಾನೇ ನಮ್ಮಂಗಡಿ ತುಂಬಿರೋದು,” ಎಂದು ಅರ್ಲೆಟ್ ಅಂದಾಗ ಆಕೆಯ ಗಂಡ ಕಾಫಿ ಚೆಲ್ಲುವಷ್ಟು ನಕ್ಕ.

ಅರ್ಲೆಟ್‌ಗೆ ಈ ನಾಚಿಕೆ ಹೊಸದಲ್ಲ. ಅದನ್ನು ಅವರು ತಮ್ಮ ಮನೆಯಲ್ಲೇ ಹದಿನೆಂಟು ವರ್ಷ ಉಂಡವರು.

ತಂದೆ ಫೆರ್ನಾಂದ್ ಕೊಲ್ಸನ್ ಸಾಲ್ಜಿನ್ ಬಡಾವಣೆಯ ಮೂಲೆಯಲ್ಲಿ ಫ್ರೈಸ್ ಗಾಡಿ ಇಟ್ಟಿದ್ದರು. ಆಲೂಗಡ್ಡೆಯನ್ನು ಕೈಯಲ್ಲೇ ಹೆಚ್ಚಿ, ದನದ ಕೊಬ್ಬಿನಲ್ಲಿ ಒಮ್ಮೆ ಬೇಯಿಸಿ, ಆರಿಸಿ, ಮತ್ತೊಮ್ಮೆ ಕರಿದು, ಕಾಗದದ ಪೊಟ್ಟಣದಲ್ಲಿ ಸುರಿದು ಕೊಡುತ್ತಿದ್ದ ಆ ಫ್ರೈಸ್‌ಗೆ ಭಾನುವಾರ ಚರ್ಚು ಬಿಟ್ಟ ಮೇಲೆ ಬೀದಿಯುದ್ದ ಸಾಲು. ಹದಿನಾರರ ವಯಸ್ಸಿನಿಂದ ಅರ್ಲೆಟ್ ಅಪ್ಪನ ಪಕ್ಕ ನಿಂತು ಉಪ್ಪು ಉದುರಿಸಿದವರು. ರಸ್ತೆ ಅಗಲ ಮಾಡುವಾಗ ಗಾಡಿಯ ಜಾಗ ಹೋಯಿತು. ಫೆರ್ನಾಂದ್‌ಗೆ ಆಗ ಅರವತ್ತೊಂದು; ಇನ್ನೊಂದು ಕಡೆ ಹೊಸದಾಗಿ ಹೂಡುವ ಹುಮ್ಮಸ್ಸು ಉಳಿದಿರಲಿಲ್ಲ. ಗಂಡನಿಂದ ಬೇರೆಯಾಗಿ, ಶಾಲೆಗೆ ಹೋಗುವ ಮಗಳನ್ನು ಕಟ್ಟಿಕೊಂಡು ನಿಂತಿದ್ದ ಮೂವತ್ತೈದರ ಅರ್ಲೆಟ್‌ಗೆ ಕೆಲಸ ಬೇಕಿತ್ತು. ನಿಲ್ದಾಣದ ಎದುರು ಅಮೆರಿಕದವರ ಅಂಗಡಿ ಅದೇ ವರ್ಷ ತೆರೆದಿತ್ತು.

“ಕೆಲಸ ಸಿಕ್ತು ಅಂತ ಹೇಳಿದ ದಿನ ಅಪ್ಪ ಊಟದ ಮೇಜಿಂದ ಎದ್ದುಹೋದ್ರು. ‘ಕೊಲ್ಸನ್ ಮನೆ ಮಗಳು ಎಣ್ಣೇಲಿ ಕಡ್ಡಿ ಕರಿಯೋಕೆ ಹೋಗ್ತಾಳಂತೆ’ ಅಂತ ಬೀದೀಲೆಲ್ಲ ಹೇಳ್ಕೊಂಡು ಬಂದ್ರು. ಆ ಅಂಗಡಿ ಹೊಸಿಲು ತುಳಿಯಲ್ಲ ಅಂತ ಹಟ. ಹದಿನೆಂಟು ವರ್ಷ ತುಳೀಲಿಲ್ಲ ಕೂಡ.”

ಅಪ್ಪನ ಮೂದಲಿಕೆಗೆ ಮಗಳ ಬಳಿ ಒಂದು ಉತ್ತರವಿತ್ತು. ಬೇಸಿಗೆಯಲ್ಲಿ ಬಸ್ಸುಗಟ್ಟಲೆ ಬರುವ ಭಾರತದ ಪ್ರವಾಸಿಗರಲ್ಲಿ ಸೀರೆಯ ಕೆಳಗೆ ಬೂಟು ಹಾಕಿದ ಅಜ್ಜಿಯರಿರುತ್ತಾರೆ. ಅವರು ಮೆಲ್ಲಗೆ ಕೌಂಟರಿಗೆ ಬಂದು, ಕರಿಯುವ ಎಣ್ಣೆಯನ್ನೇ ಬೆರಳು ಮಾಡಿ ತೋರಿಸಿ, ದನದ ಹಾಗೆ ತಲೆಗೆ ಎರಡು ಬೆರಳಿಟ್ಟು ‘ಇದೆಯಾ?’ ಎಂದು ಕಣ್ಣಲ್ಲೇ ಕೇಳುತ್ತಾರೆ. ಊರಿನ ಗಾಡಿಗಳಲ್ಲಿ ಅದು ಇದೆ, ಇಲ್ಲಿ ಬರೀ ಗಿಡದ ಎಣ್ಣೆ ಎಂದು ಅರ್ಲೆಟ್ ಕೈಸನ್ನೆಯಲ್ಲೇ ತಿಳಿಸುತ್ತಾರೆ. ಒಮ್ಮೆ ಹಾಗೆ ಕೇಳಿದ ಅಜ್ಜಿಯೊಬ್ಬರು ಎರಡು ದಿನದಿಂದ ಬರೀ ಬಿಸ್ಕತ್ತು ತಿಂದಿದ್ದರಂತೆ. ಅದನ್ನು ಮನೆಯಲ್ಲಿ ಹೇಳಿದಾಗ ಫೆರ್ನಾಂದ್, “ದನದ ಕೊಬ್ಬಿಲ್ಲದ್ದನ್ನ ಫ್ರೈಸ್ ಅನ್ಬೇಡ ಅಷ್ಟೇ,” ಎಂದು ಮುಖ ತಿರುಗಿಸಿದ್ದರು.

ಈಗಲೂ ಅರ್ಲೆಟ್ ಹೆಚ್ಚು ಮಾತಾಡದ ಒಂದು ಸಂಗತಿಯಿದೆ. ಜೊತೆಗೆ ಕೆಲಸ ಮಾಡುವ ನಜಾತ್ ಒತ್ತಾಯ ಮಾಡಿದರಷ್ಟೇ ಬಾಯಿ ಬಿಡುತ್ತಾರೆ.

ಒಂಬತ್ತು ವರ್ಷದ ಹಿಂದಿನ ಅಕ್ಟೋಬರ್. ಬಾಗಿಲು ತೆರೆದ ಕೂಡಲೇ ಎಪ್ಪತ್ತು ದಾಟಿದ ಅಮೆರಿಕದ ಹೆಂಗಸೊಬ್ಬರು ಒಬ್ಬರೇ ಒಳಗೆ ಬಂದರು. ಒಂದು ಮೊಟ್ಟೆಯ ಬನ್ನು, ಒಂದು ಕಾಫಿ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಅದನ್ನು ಮುಕ್ಕಾಲು ಗಂಟೆ ತಿಂದರು. ಮಾರನೆಯ ದಿನವೂ ಅದೇ ಹೊತ್ತಿಗೆ ಬಂದು ಅದನ್ನೇ ಕೇಳಿದರು. ಹಿಂದಿನ ಮೇಜಿನ ಕಾಲೇಜು ಹುಡುಗರು ಫ್ರೆಂಚಿನಲ್ಲಿ ಗೇಲಿ ಮಾಡಿದರು: “ಸಮುದ್ರ ದಾಟಿ ಬಂದು ಇದನ್ನೇ ತಿನ್ಬೇಕಾ ಅಜ್ಜಿ? ಪಕ್ಕದಲ್ಲೇ ಎಂಥಾ ಬೇಕರಿ ಇದೆ!” ಅರ್ಥವಾಗದ ಆಕೆ ಅವರತ್ತ ತಿರುಗಿ ನಕ್ಕರು. ತಮ್ಮನ್ನು ಮಾತಾಡಿಸಿದರೆಂದು ತಿಳಿದ ನಗೆ ಅದು. ಆ ನಗೆ ನೋಡಿ ಅರ್ಲೆಟ್‌ಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಮೇಜು ಒರೆಸುವ ನೆಪದಲ್ಲಿ ಹತ್ತಿರ ಹೋಗಿ, ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ರುಚಿ ಚೆನ್ನಾಗಿದೆಯೇ ಎಂದು ಕೇಳಿದರು.

“ರುಚಿ ಗೊತ್ತಾಗ್ತಾ ಇಲ್ಲಮ್ಮ,” ಎಂದರು ಆಕೆ. “ಆದ್ರೆ ಇಲ್ಲಿ ಏನು ಕೇಳಿದ್ರೆ ಏನು ಬರತ್ತೆ ಅಂತ ಗೊತ್ತು. ಈ ಊರಲ್ಲಿ ನನಗೆ ಗೊತ್ತಿರೋದು ಅದೊಂದೇ.”

ಹೆಸರು ವರ್ನಾ ಸ್ಟಕಿ. ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರು. ಗಂಡ ಡೇಲ್ ಮೂರು ವರ್ಷದ ಮಗುವಾಗಿದ್ದಾಗ ಅವರ ತಂದೆ ಎರಡನೇ ಮಹಾಯುದ್ಧಕ್ಕೆಂದು ಬಂದು, ಆರ್ಡೆನ್ ಕಾಡಿನ ಹಿಮದಲ್ಲಿ ಸತ್ತು, ಇಲ್ಲೇ ಅಮೆರಿಕನ್ ಸೈನಿಕರ ಸ್ಮಶಾನದಲ್ಲಿ ಮಣ್ಣಾಗಿದ್ದರು. ಮುಖವೂ ನೆನಪಿಲ್ಲದ ಆ ಅಪ್ಪನ ಶಿಲುಬೆಯ ಮುಂದೆ ಒಮ್ಮೆ ನಿಲ್ಲಬೇಕೆಂದು ಡೇಲ್ ಜೀವಮಾನವೆಲ್ಲ ಅಂದುಕೊಂಡು, ಕೊನೆಗೂ ಹೊಲವನ್ನು ಮಗಳ ಕೈಗೆ ಬಿಟ್ಟು ಹೊರಟುಬಂದಿದ್ದರು. ನಿಂತರು, ಹೂವಿಟ್ಟರು. ವಾಪಸು ಬರುವ ರೈಲಿನಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಯಿತು. ನಾಮೂರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಅಂದಿನಿಂದ ಎಚ್ಚರವಾಗಿರಲಿಲ್ಲ.

ನಾಲ್ಕನೆಯ ದಿನದಿಂದ ಅರ್ಲೆಟ್ ಪಾಳಿ ಮುಗಿಸಿ, ಬಟ್ಟೆಗೆ ಹತ್ತಿದ ಎಣ್ಣೆ ವಾಸನೆಯೊಂದಿಗೇ ವರ್ನಾ ಜೊತೆ ಆಸ್ಪತ್ರೆಗೆ ಹೋಗತೊಡಗಿದರು. ಮಂಚದ ಆ ಕಡೆ ಹೆಂಡತಿ, ಈ ಕಡೆ ಇವರು.

“ನಾನೇನು ಮಾಡ್ದೆ? ಸುಮ್ನೆ ಕೂತಿದ್ದೆ. ಅವರ ಕೈ ನೋಡ್ದೆ. ದುಡಿದ ಕೈ, ನಮ್ಮಪ್ಪನ ಕೈ ಥರಾನೇ ಬಿರಿದಿತ್ತು. ಡಾಕ್ಟ್ರು ಇಂಗ್ಲಿಷಲ್ಲೇ ಹೇಳ್ತಿದ್ರು, ವರ್ನಾ ಎಲ್ಲದಕ್ಕೂ ತಲೆ ಆಡಿಸ್ತಿದ್ರು. ಒಂದಕ್ಷರಾನೂ ಒಳಗೆ ಹೋಗ್ತಿಲ್ಲ ಅಂತ ನಂಗೆ ಗೊತ್ತಾಗ್ತಿತ್ತು. ಆರನೇ ದಿನ ನಾನೇ ಡಾಕ್ಟ್ರನ್ನ ಹೊರಗೆ ಹಿಡಿದು ಕೇಳ್ದೆ, ‘ಅಡುಗೆಮನೇಲಿ ಕೆಲಸ ಮಾಡೋಳಿಗೆ ಅರ್ಥ ಆಗೋ ಹಾಗೆ ಹೇಳಿ’ ಅಂತ. ಅವರು ಇನ್ನು ಏಳಲ್ಲ ಅಂದ್ರು.”

ಅದನ್ನು ವರ್ನಾಗೆ ಹೇಳಬೇಕಾದವರು ಅರ್ಲೆಟ್. ಅವರ ಇಂಗ್ಲಿಷ್ ಕೌಂಟರಿನ ಇಂಗ್ಲಿಷ್.

“‘ಮುಗೀತು’ ಅನ್ನೋಕೆ ನಂಗೆ ಒಂದೇ ಮಾತು ಬರ್ತಿದ್ದಿದ್ದು, ಅಂಗಡೀಲಿ ಸಾಮಾನು ಖಾಲಿ ಆದಾಗ ಹೇಳೋದು. ಅದನ್ನೇ ಹೇಳ್ಬಿಟ್ಟೆ. ಇವತ್ತಿಗೂ ನೆನೆಸ್ಕೊಂಡ್ರೆ ಮುಖ ಬಿಸಿಯಾಗತ್ತೆ.” ಅರ್ಲೆಟ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಿಸುತ್ತಾರೆ. “ವರ್ನಾ ಬೇಜಾರು ಮಾಡ್ಕೊಳ್ಲಿಲ್ಲ. ನನ್ನ ಕೈ ಹಿಡ್ಕೊಂಡು, ‘ಆರು ದಿನದಲ್ಲಿ ನೀನೊಬ್ಬಳೇ ನಂಗೆ ಅರ್ಥ ಆಗೋ ಹಾಗೆ ಹೇಳಿದ್ದು’ ಅಂದ್ರು.”

ಎಂಟನೆಯ ದಿನ ಬೆಳಿಗ್ಗೆ ಏಳೂವರೆ. ಅಂಗಡಿ ಅತಿ ಹೆಚ್ಚು ತುಂಬುವ ಹೊತ್ತು. ವರ್ನಾ ಸಾಲಿನಲ್ಲಿ ನಿಂತು ತಮ್ಮ ಸರದಿ ಬಂದಾಗ ಎರಡು ಬನ್ನು, ಎರಡು ಕಾಫಿ ಕೇಳಿದರು. ಅರ್ಲೆಟ್ ತಲೆ ಎತ್ತಿ ನೋಡಿದರು. ಏಳು ದಿನವೂ ಒಂದೇ ಕೇಳಿದವರು. ಕೋಟಿನ ಗುಂಡಿ ಒಂದು ಕಾಜದ ಬದಲು ಇನ್ನೊಂದಕ್ಕೆ ಬಿದ್ದಿತ್ತು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು. ಹೋಗಲು ಬೇರೆ ಜಾಗ ಗೊತ್ತಿರಲಿಲ್ಲ.

ಅರ್ಲೆಟ್ ಎರಡು ಬನ್ನು, ಎರಡು ಕಾಫಿ ತಟ್ಟೆಗಿಟ್ಟರು. ಟೋಪಿ ತೆಗೆದು ಕೌಂಟರಿನ ಮೇಲಿಟ್ಟರು. ತಟ್ಟೆಯನ್ನು ತಾವೇ ಎತ್ತಿಕೊಂಡು ಹೊರಗೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ವರ್ನಾ ಎದುರು ಕೂತರು. “ಐದೂವರೆಗೆ ಹೋದ್ರು,” ಎಂದ ವರ್ನಾ ಬನ್ನು ಮುಟ್ಟಲಿಲ್ಲ. ಅರ್ಲೆಟ್ ತಮ್ಮ ಬನ್ನಿನ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ವರ್ನಾ ಕೂಡ ಒಂದು ಚೂರು ತಿಂದರು; ತಿನ್ನುತ್ತಲೇ ಅಳತೊಡಗಿದರು.

ಕೆಲಸದ ವೇಳೆಯಲ್ಲಿ ಗಿರಾಕಿಯ ಮೇಜಿನಲ್ಲಿ ಕೂರಬಾರದು ಎಂಬುದು ಅಂಗಡಿಯ ಕಟ್ಟುನಿಟ್ಟು. ಆ ತಿಂಗಳು ಬೆಳಗಿನ ಪಾಳಿಯ ಮುಖ್ಯಸ್ಥೆಯ ಸ್ಥಾನ ಅರ್ಲೆಟ್‌ಗೆ ಬರುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಇಪ್ಪತ್ತಾರರ ಮ್ಯಾನೇಜರ್ ಗೋತಿಯೆ ಓಡಿಬಂದ.

“ಅರ್ಲೆಟ್, ಸಾಲು ಬಾಗಿಲಾಚೆ ಹೋಗಿದೆ.”

“ಕಾಣಿಸ್ತಿದೆ.”

“ಹಾಗಾದ್ರೆ ಏಳಿ. ಮೇಲಿನವರು ಇವತ್ತು ತಪಾಸಣೆಗೆ ಬರ್ತಾರೆ, ನಿಮಗೂ ಗೊತ್ತು.”

“ಇವರ ಯಜಮಾನ್ರು ಹೋಗಿ ಎರಡು ಗಂಟೆ ಆಗಿದೆ ಗೋತಿಯೆ. ಏಳಲ್ಲ ನಾನು. ನೀನು ಬರೀಬೇಕಾದ್ದು ಬರಿ.”

ಅವನು ಬರೆದ. ನಲವತ್ತು ನಿಮಿಷ ಕೌಂಟರ್ ತೊರೆದದ್ದಕ್ಕೆ ಎಚ್ಚರಿಕೆಯ ಪತ್ರ. ಅರ್ಲೆಟ್ ಪಾಳಿ ಮುಗಿದ ಮೇಲೆ ಓದಿ, ಕಾಗುಣಿತದ ತಪ್ಪೊಂದನ್ನು ತೋರಿಸಿ, ಸಹಿ ಹಾಕಿದರು. ಮುಖ್ಯಸ್ಥೆಯ ಸ್ಥಾನ ಕೈ ತಪ್ಪಿತು. ಆಮೇಲೆ ಅದನ್ನು ಯಾರೂ ಅವರಿಗೆ ಕೊಡಲಿಲ್ಲ, ಅವರೂ ಕೇಳಲಿಲ್ಲ. “ಹುಡುಗನ ತಪ್ಪಿಲ್ಲ. ಅವನೂ ಮೇಲಿನವರಿಗೆ ಉತ್ತರ ಹೇಳ್ಬೇಕಲ್ಲ,” ಅನ್ನುತ್ತಾರೆ. ಆ ನಲವತ್ತು ನಿಮಿಷ ಸಾಲನ್ನು ಒಬ್ಬಳೇ ನಿಭಾಯಿಸಿದ ನಜಾತ್ ಈಗ ಬೆಳಗಿನ ಪಾಳಿಯ ಮುಖ್ಯಸ್ಥೆ. “ಅವತ್ತು ಸಾಲಲ್ಲಿದ್ದವರು ಒಬ್ಬರೂ ಗೊಣಗಲಿಲ್ಲ, ಗೊತ್ತಾ?” ಅನ್ನುತ್ತಾಳೆ ನಜಾತ್. “ಈ ಹುದ್ದೆ ಬಿಲ್ಲೆ ನನ್ನೆದೆ ಮೇಲಿದೆ. ಆದ್ರೆ ಹೊಸಬರು ಬಂದ್ರೆ ಅರ್ಲೆಟ್ ಪಕ್ಕ ನಿಲ್ಲಿಸ್ತೀನಿ. ನಾನು ಎಣ್ಣೆ, ಒಲೆ ಕಲಿಸ್ಬಹುದು. ಉಳಿದಿದ್ದು ಅವರ ಹತ್ರಾನೇ ಕಲೀಬೇಕು.”

ಅಂದು ಸಂಜೆ ಅರ್ಲೆಟ್ ಅಪ್ಪನ ಮನೆಗೆ ಹೋಗಿ ಸಾರು ಬಿಸಿ ಮಾಡುತ್ತಾ ನಡೆದದ್ದನ್ನೆಲ್ಲ ಹೇಳಿದರು. ಎಪ್ಪತ್ತೊಂಬತ್ತರ ಫೆರ್ನಾಂದ್ ಎಂದಿನಂತೆ ಕೊಂಕು ತೆಗೆಯಲಿಲ್ಲ. ಸೈನಿಕನ ಹೆಸರೇನು, ಯಾವ ಸ್ಮಶಾನ, ಯಾವ ತಿಂಗಳು ಸತ್ತದ್ದು ಎಂದಷ್ಟೇ ಕೇಳಿದರು. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಣ್ಣದೆ ಎದ್ದರು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತಳ್ಳಿಕೊಂಡು ಫೆರ್ನಾಂದ್ ಒಳಗೆ ಬಂದರು. ಸಾವಿನ ಮನೆಗೆ ಹೋಗುವಾಗ ಹಾಕುವ ಕಪ್ಪು ಕೋಟು, ಬಾಚಿದ ತಲೆ. ಕೌಂಟರಿನಲ್ಲಿದ್ದ ಮಗಳತ್ತ ನೋಡದೆ ಸೀದಾ ಕಿಟಕಿಯ ಮೇಜಿಗೆ ಹೋಗಿ, ನೆಬ್ರಾಸ್ಕಾದಿಂದ ಮಗಳು ಬರುವುದನ್ನು ಕಾಯುತ್ತ ಕೂತಿದ್ದ ವರ್ನಾಗೆ ತಲೆಬಾಗಿಸಿ, ಎದುರು ಕೂತರು. ಫ್ರೆಂಚಿನಲ್ಲಿ ಮಾತಾಡತೊಡಗಿದರು. ಗೋತಿಯೆ ಅರ್ಲೆಟ್ ಮುಖ ನೋಡಿದ, ಗಡಿಯಾರ ನೋಡಿದ. “ಹೋಗಿ. ನಿಮ್ಮ ವಿರಾಮ ಈಗಲೇ ತಗೊಳ್ಳಿ,” ಎಂದ.

ಅಪ್ಪ ಹೇಳಿದ್ದನ್ನು ಅರ್ಲೆಟ್ ಮುರುಕು ಇಂಗ್ಲಿಷಿನಲ್ಲಿ ದಾಟಿಸಿದರು. “ನಂಗೆ ಆಗ ಎಂಟು ವರ್ಷ. ನಮ್ಮ ಹಳ್ಳಿ ದಿನಾಂ ಪಟ್ಟಣಕ್ಕೆ ಹೋಗೋ ದಾರೀಲಿತ್ತು. ಕ್ರಿಸ್ಮಸ್ ಮುಂಚೆ ನಿಮ್ಮ ಕಡೆ ಹುಡುಗರು ಹನ್ನೆರಡು ಜನ ನಮ್ಮ ಕೊಟ್ಟಿಗೇಲಿ ಮಲಗಿದ್ರು. ಕಾಲು ಹೆಪ್ಪುಗಟ್ಟಿತ್ತು ಪಾಪ. ಮನೇಲಿ ಏನೂ ಇರ್ಲಿಲ್ಲ. ಇದ್ದ ಆಲೂಗಡ್ಡೇನೆಲ್ಲ ನಮ್ಮಮ್ಮ ಕರಿದು ಕೊಟ್ಳು. ಬೆಳಿಗ್ಗೆ ಎದ್ದು ಹೋದೋರು ವಾಪಸ್ ಬರ್ಲಿಲ್ಲ. ಅದ್ರಲ್ಲಿ ನಿಮ್ಮ ಮಾವನೂ ಇದ್ರೋ ಏನೋ, ನಂಗೆ ಗೊತ್ತಿಲ್ಲ. ಇದ್ರು ಅಂತ ಅಂದ್ಕೊಳ್ಳೋಣ. ನಮ್ಮಮ್ಮನ ಕೈ ಊಟ ಅವರು ಉಂಡಿದ್ರು ಅಂತ ಅಂದ್ಕೊಳ್ಳೋಣ.”

ವರ್ನಾ ಅಂದು ಬನ್ನಿನ ಬದಲು ಕೊಂಡಿದ್ದ ಫ್ರೈಸಿನ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಮಧ್ಯಕ್ಕೆ ತಳ್ಳಿದರು. ಹದಿನೆಂಟು ವರ್ಷ ಹಟ ಹಿಡಿದ ಮನುಷ್ಯ ಒಂದನ್ನು ತೆಗೆದು ತಿಂದರು. ಇನ್ನೊಂದನ್ನೂ ತಿಂದರು. ಇಬ್ಬರೂ ಸೇರಿ ಪೊಟ್ಟಣ ಖಾಲಿ ಮಾಡುವವರೆಗೆ ಅರ್ಲೆಟ್ ಪಕ್ಕದಲ್ಲಿ ನಿಂತೇ ಇದ್ದರು. ಹೋಗುವಾಗ ಫೆರ್ನಾಂದ್ ಮಗಳ ಬಳಿ ನಿಂತು, ಬೇರೆ ಕಡೆ ನೋಡುತ್ತಾ, “ಉಪ್ಪು ಸರಿಯಾಗಿ ಬಿದ್ದಿದೆ,” ಎಂದರು.

“ಅದು ನಾನೇ ಹಾಕಿದ್ದು ಅಂತ ಅವರಿಗೆ ಗೊತ್ತಿತ್ತು,” ಅನ್ನುತ್ತಾರೆ ಅರ್ಲೆಟ್. “ಅಪ್ಪ ನನ್ನ ಕೆಲಸದ ಬಗ್ಗೆ ಆಡಿದ ಒಳ್ಳೆ ಮಾತು ಅದೊಂದೇ. ನಂಗೆ ಅಷ್ಟು ಸಾಕಾಯ್ತು.”

ವರ್ನಾ ಗಂಡನ ಬೂದಿಯನ್ನು ಮಡಿಲಲ್ಲಿಟ್ಟುಕೊಂಡು ಮಗಳ ಜೊತೆ ಊರಿಗೆ ಹೋದರು. ಕ್ರಿಸ್ಮಸ್‌ಗೊಂದು ಕಾರ್ಡು ಬರುತ್ತಿತ್ತು, ‘ಬೆಳಗಿನ ಪಾಳಿಯ ಅರ್ಲೆಟ್‌ಗೆ’ ಎಂದು ಅಂಗಡಿಯ ವಿಳಾಸಕ್ಕೇ. ಮೂರು ವರ್ಷದ ಹಿಂದೆ ಬಂದ ಕಾರ್ಡು ಮಗಳು ಬರೆದದ್ದು. ಅಮ್ಮ ಹೋದ ಸುದ್ದಿ. ಸ್ಮಶಾನದ ಸಮಾಧಿಗಳನ್ನು ನೋಡಿಕೊಳ್ಳಲು ಊರಿನವರು ಹೆಸರು ಕೊಡುವ ಪದ್ಧತಿಯಿದೆ. ಡೇಲ್ ಅವರ ತಂದೆಯ ಸಮಾಧಿಗೆ ಫೆರ್ನಾಂದ್ ತಮ್ಮ ಹೆಸರು ಕೊಟ್ಟಿದ್ದರು. ಕಾಲು ನಡೆಯುವವರೆಗೆ ಅಲ್ಲಿಗೆ ಸೇವಂತಿಗೆ ಒಯ್ದರು. ನಾಲ್ಕು ವರ್ಷದ ಹಿಂದೆ ಅವರೂ ತೀರಿಕೊಂಡರು. ಈಗ ಅರ್ಲೆಟ್ ಹೋಗುತ್ತಾರೆ. ಸತ್ತವರನ್ನು ನೆನೆಯುವ ನವೆಂಬರ್ ಮೊದಲ ವಾರ ಎರಡು ಸೇವಂತಿಗೆ ಕುಂಡ ಕೊಳ್ಳುತ್ತಾರೆ: ಒಂದು ಅಪ್ಪನಿಗೆ, ಇನ್ನೊಂದು ತಾವು ಎಂದೂ ಕಾಣದ ಆ ಇಪ್ಪತ್ತೈದರ ಹುಡುಗನಿಗೆ.

ಅಂಗಡಿ ಬದಲಾಗುತ್ತಿದೆ. ಬಾಗಿಲ ಪಕ್ಕದಲ್ಲಿ ಆಳೆತ್ತರದ ನಾಲ್ಕು ಪರದೆಗಳು ಬಂದಿವೆ. ಬೆರಳಿಟ್ಟು ಆರಿಸಿಕೊಂಡರಾಯಿತು, ಹತ್ತು ಭಾಷೆಯಲ್ಲಿ ಓದಬಹುದು, ಯಾರ ಹತ್ತಿರವೂ ಮಾತಾಡಬೇಕಿಲ್ಲ. ಅರ್ಲೆಟ್ ಅದನ್ನು ದೂರುವುದಿಲ್ಲ. “ನನಗಿಂತ ಒಂದು ಭಾಷೆ ಜಾಸ್ತಿ ಬರತ್ತೆ ಅದಕ್ಕೆ,” ಎಂದು ನಗುತ್ತಾರೆ. ಆದರೆ ಪರದೆಯ ಮುಂದೆ ಯಾರಾದರೂ ಎರಡು ನಿಮಿಷಕ್ಕಿಂತ ಹೆಚ್ಚು ನಿಂತರೆ ಕೌಂಟರ್ ಬಿಟ್ಟು ಆಚೆ ಬಂದೇ ಬರುತ್ತಾರೆ. ಇದಕ್ಕೆ ಈಗ ಯಾರೂ ಪತ್ರ ಬರೆಯುವುದಿಲ್ಲ.

ಮಾರ್ಚಿಗೆ ನಿವೃತ್ತಿ. ಇಪ್ಪತ್ತೇಳು ವರ್ಷ ಊರೂರಿನ ಪ್ರವಾಸಿಗರಿಗೆ ಕೈನೀಡಿ ಉಣಬಡಿಸಿದ ಅರ್ಲೆಟ್ ಕಂಡ ಅತಿ ದೂರದ ಊರು ತಮ್ಮದೇ ದೇಶದ ಕಡಲ ತೀರದ ಒಸ್ಟೆಂಡ್. ಒಂದು ಸಲ, ಒಂದೇ ಸಲ, ನಾರ್ವೆಯ ಬೆರ್ಗೆನ್‌ಗೆ ಹೋಗಬೇಕೆಂಬ ಆಸೆಯಿದೆ. ಗುಡ್ಡ ಸೀದಾ ನೀರಿಗಿಳಿಯುತ್ತದಂತೆ, ಬಣ್ಣಬಣ್ಣದ ಮರದ ಮನೆಗಳಂತೆ. ಅಲ್ಲಿನ ಮೀನು ಬಲು ರುಚಿ ಎಂದೂ ಕೇಳಿದ್ದಾರೆ.

“ಮೀನು ಎರಡನೇ ದಿನ,” ಅನ್ನುತ್ತಾರೆ. “ಮೊದಲ ದಿನ ಅಮೆರಿಕದವರ ಅಂಗಡೀಗೇ ಹೋಗ್ತೀನಿ. ಯಾರು ಏನ್ಬೇಕಾದ್ರೂ ಅಂದ್ಕೊಳ್ಲಿ, ನಾಚ್ಕೊಳಲ್ಲ. ಕೌಂಟರಿನ ಆ ಕಡೆ ನಿಂತು ಕೇಳೋದು ಹೇಗಿರತ್ತೆ ಅಂತ ನೋಡ್ಬೇಕು. ಅಲ್ಲಿಯವರ ಭಾಷೇಲಿ ‘ಥ್ಯಾಂಕ್ಸ್’ ಅನ್ನೋದು ಹೇಗೆ ಅಂತ ಕಲ್ತಿಟ್ಕೊಂಡಿದ್ದೀನಿ. ಬೇರೆ ಒಂದು ಮಾತೂ ಬರಲ್ಲ. ಒಂದು ಊಟಕ್ಕೆ ಅಷ್ಟು ಸಾಕಲ್ವಾ?”